ಕಲ್ಲಿನ ಚರ್ಚಿನಲ್ಲಿ ಮರದ ಕೆಲಸದ ನೆನಪಾ?

ಜಗಲಿಕಟ್ಟೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಕಂಬ, ತೊಲೆ ರಿಪೇರಿ ಮಾಡಿಸುತ್ತಿದ್ದೇವೆ. ಅದೇ ಗುಂಗಿನಲ್ಲಿ ಇಂಗ್ಲೆಂಡಿನ ಅರ್ಲ್ಸ್ ಬಾರ್ಟನ್ ಚರ್ಚಿನ ಗೋಪುರದ ಫೋಟೋ ನೋಡಿದೆ. 10ನೇ ಶತಮಾನದ ಕೊನೆಯದ್ದು. ಗೋಡೆ ತುಂಬಾ ಉದ್ದುದ್ದ ಕಲ್ಲಿನ ಪಟ್ಟಿ, ಥೇಟ್ ಮರದ ಚೌಕಟ್ಟಿನ ಹಾಗೆ. ಆಗ ಇಂಗ್ಲೆಂಡಿನಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಜನ ಮರದ ಕೆಲಸವನ್ನೇ ಕಲ್ಲಿಗೆ ಇಳಿಸಿದ್ರಾ?

ಸಾಗರದವ: ಹಾಗೆ ಹೇಳುವವರು ಇದ್ದಾರೆ. ಆದರೆ ಅಂಥ ಪಟ್ಟಿ ಜರ್ಮನಿ ಕಡೆಯ ಕಲ್ಲಿನ ಚರ್ಚುಗಳಲ್ಲೂ ಇವೆ, ಹಾಗಾಗಿ ಮರವೊಂದೇ ಕಾರಣ ಅನ್ನಲು ನನಗೆ ಮನಸ್ಸಿಲ್ಲ. ಮರದ್ದೇ ಬೇಕಾದರೆ ಇಂಗ್ಲೆಂಡಿನದ್ದೇ ಎಸೆಕ್ಸ್‌ನ ಗ್ರೀನ್‌ಸ್ಟೆಡ್ ಚರ್ಚು ನೋಡಿ. ಓಕ್ ದಿಮ್ಮಿ ಸೀಳಿ, ಸಪಾಟು ಮೈ ಒಳಗೆ, ದುಂಡು ಮೈ ಹೊರಗೆ ಬರುವಂತೆ ಸಾಲಾಗಿ ನಿಲ್ಲಿಸಿದ್ದಾರೆ.

ಮಳೆಗಾಲ: ರೋಮ್‌ನ ಪ್ರಭಾವ ಮರೀಬೇಡಿ. 674ರಲ್ಲಿ ಇಂಗ್ಲೆಂಡಿನ ಮಂಕ್‌ವೇರ್‌ಮೌತ್ ಮಠ ಶುರುಮಾಡಿದ ಬೆನೆಡಿಕ್ಟ್ ಬಿಸ್ಕಪ್, ರೋಮನ್ನರ ರೀತಿಯಲ್ಲಿ ಕಟ್ಟಲು ಗಾಲ್‌ನಿಂದ (ಈಗಿನ ಫ್ರಾನ್ಸ್ ಕಡೆಯಿಂದ) ಕಲ್ಲುಕುಟಿಗರನ್ನು, ಆಮೇಲೆ ಗಾಜಿನ ಕೆಲಸದವರನ್ನೂ ಕರೆಸಿದ. ಅಲ್ಲಿನದ್ದೇ ಎಸ್ಕಂಬ್ ಚರ್ಚಿನಲ್ಲಂತೂ ರೋಮನ್ ಕಲ್ಲುಗಳನ್ನೇ ಮತ್ತೆ ಬಳಸಿದ್ದಾರೆ. ಒಂದರ ಮೇಲೆ ರೋಮನ್ ಸೈನ್ಯದ ಆರನೇ ದಳದ ಹೆಸರು ಕೆತ್ತಿದೆ, ಅದೂ ತಲೆಕೆಳಗಾಗಿ!

ಜಗಲಿಕಟ್ಟೆ: ಆ ತಲೆಕೆಳಗಾದ ಕಲ್ಲು ಮನಸ್ಸಿನಲ್ಲೇ ಕೂತುಬಿಟ್ಟಿತು. ನಮ್ಮನೆಯ ಹಳೇ ತೊಲೆಯನ್ನೂ ಬಿಸಾಡಲ್ಲ, ಹೊಸ ಜಗಲಿಗೇ ಹಾಕಿಸುತ್ತೇನೆ.