ಕ್ವೈಟ್ ಗುಡ್ಡಿಗೆ ಅರ್ಧ ಕಿಲೋ ಪೇಡಾ

ಶನಿವಾರ ಸಂಜೆ ಮುಂಬೈಯ ಮಾಟುಂಗಾದ ನಮ್ಮ ಮಾಮೂಲಿ ಹೋಟೆಲಿಗೆ ಶೆಟ್ರು ಅರ್ಧ ಕಿಲೋ ಪೇಡಾ ಹಿಡಿದುಕೊಂಡು ಬಂದರು.

"ಲಂಡನ್ನಿನ ಬಾಸ್ ಮೇಲ್ ಮಾಡಿದ್ದಾರೆ ಮಾರಾಯ್ರೆ. ನನ್ನ ರಿಪೋರ್ಟು ಕ್ವೈಟ್ ಗುಡ್ ಅಂತೆ!"

ನಾವೆಲ್ಲ ಡಬ್ಬಕ್ಕೆ ಕೈ ಹಾಕಿದೆವು. ಇಂಗ್ಲಿಷ್ ಮೇಷ್ಟ್ರಾಗಿ ರಿಟೈರಾದ ಭಟ್ರು ಮಾತ್ರ ಸುಮ್ನೆ ಕೂತಿದ್ದರು.

"ಬಾಸ್ ಯಾವ ಊರಿನವರು? ಅಮೆರಿಕದವರಾ?"

"ಅಪ್ಪಟ ಇಂಗ್ಲೆಂಡ್."

"ಛೆ. ಅಮೆರಿಕದವರು ಹಾಗೆ ಹೇಳಿದರೆ ತುಂಬಾ ಚೆನ್ನಾಗಿದೆ ಅಂತ. ಇಂಗ್ಲೆಂಡಿನವರು ಹೇಳಿದರೆ ಹೆಚ್ಚಾಗಿ, ಪರವಾಗಿಲ್ಲ ಅಂತ ಅಷ್ಟೇ."

ಮಾಹಿಮಿನಲ್ಲಿ ಇಳಿಯಬೇಕಾದವನು ಅಲ್ಲಿ ನಿಲ್ಲದ ವಿರಾರ್ ಫಾಸ್ಟ್ ಲೋಕಲ್ ಹತ್ತಿದ ಹಾಗಾಯಿತು ಶೆಟ್ರ ಮುಖ.

ಧಾರವಾಡದ ಕುಲಕರ್ಣಿ ಸಮಾಧಾನಕ್ಕೆ ಇಳಿದ. "ಹೆದರಬ್ಯಾಡ್ರಿ. ನಮ್ಮ ಸುಮಾರು ಏನು ಕಡಿಮೀನ? ಸುಮಾರು ಮಂದಿ ಬಂದಿದ್ರು ಅಂದ್ರ ಭಾಳ ಮಂದಿ. ಅಡಗಿ ಸುಮಾರು ಅಂದ್ರ ಬಾಯಿಗಿಡಂಗಿಲ್ಲ."

ನಿಜ ಅಲ್ವಾ? ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

"ಅದೇ ಅದೇ," ಭಟ್ರಿಗೆ ಹುರುಪು ಬಂತು. "ಫ್ಯೂ ಅಂದರೆ ಕೆಲವರು. ಕ್ವೈಟ್ ಎ ಫ್ಯೂ ಅಂದರೆ ಸುಮಾರು ಮಂದಿ! ಮೊದಲು ಕ್ವೈಟಿಗೆ ಪೂರ್ತಿ ಅನ್ನೋ ಅರ್ಥವೇ ಇದ್ದದ್ದು. ಬಿಟ್ಟು ಹೋಗು ಅನ್ನೋ ಕ್ವಿಟ್, ಸದ್ದಿಲ್ಲದ ಅನ್ನೋ ಕ್ವಯಟ್, ಈ ಕ್ವೈಟ್ ಮೂರೂ ಒಂದೇ ಮನೆತನ. ಲ್ಯಾಟಿನ್ನಿನಿಂದ ಬಂದವು. ಸಾಲ ಪೂರ್ತಿ ತೀರಿ ಬಿಡುಗಡೆ ಆದವನು ಕ್ವಿಟ್."

"1942ರಲ್ಲಿ ಇಲ್ಲೇ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಬ್ರಿಟಿಷರಿಗೆ ಹೇಳಿದ ಕ್ವಿಟ್ಟಾ?" ಅಂದೆ.

"ಅದೇ ಕ್ವಿಟ್ಟು. ಅವರು ಹೋದರು, ಅದರ ತಮ್ಮ ಕ್ವೈಟು ಇಮೇಲಿನಲ್ಲಿ ಬಂದ."

ಶೆಟ್ರಿಗೆ ನಗು ಬರಲಿಲ್ಲ. "ಹಾಗಾದ್ರೆ ಯಾವ ಅರ್ಥ ಅಂತ ಗೊತ್ತಾಗುವುದು ಹೇಗೆ?"

"ಬಾಯಲ್ಲಿ ಹೇಳಿದರೆ ಗೊತ್ತಾಗುತ್ತೆ. ಕ್ವೈಟ್ ಮೇಲೆ ಒತ್ತು ಬಿದ್ದರೆ ಹೊಗಳಿಕೆ ಇಳಿಯುತ್ತೆ. ಗುಡ್ ಮೇಲೆ ಬಿದ್ದರೆ ಸ್ವಲ್ಪ ಏರುತ್ತೆ. ಇಮೇಲಿನಲ್ಲಿ ಧ್ವನಿ ಎಲ್ಲಿದೆ? ಆದರೆ ಅರ್ಧಂಬರ್ಧ ಆಗದ ಮಾತುಗಳ ಜೊತೆ ಬಂದರೆ ತಕರಾರಿಲ್ಲ. ಕ್ವೈಟ್ ಇಂಪಾಸಿಬಲ್ ಅಂದರೆ ಎಲ್ಲ ಕಡೆಯೂ ಸಾಧ್ಯವೇ ಇಲ್ಲ ಅಂತ. ನಮ್ಮ ಮುಂಬೈಯ ಏಕ್‌ದಮ್ ಇದ್ದ ಹಾಗೆ."

ಶೆಟ್ರು ಎದ್ದರು. "ಪೇಡಾ ವಾಪಸ್ ಕೊಡಿ. ಮನೆಗೆ ತಗೊಂಡು ಹೋಗ್ತೇನೆ."

ಕುಲಕರ್ಣಿ ಬಾಯಿ ಒರೆಸಿಕೊಂಡು ಡಬ್ಬ ಮುಂದೆ ತಳ್ಳಿದ. ಕ್ವೈಟ್ ಎಂಪ್ಟಿ. ಲಂಡನ್ನಿನಲ್ಲೂ, ನ್ಯೂಯಾರ್ಕಿನಲ್ಲೂ.