ಅಪ್‌ಡೇಟ್: ಈಜು ಕಲಿತೆ, ಗ್ಯಾಲಪಗೋಸ್‌ಗೆ ಬಂದೆ

ಚಿತ್ರದುರ್ಗದಲ್ಲಿ ಪ್ರಾಣಿಶಾಸ್ತ್ರ ಓದಿದ, ಈಜು ಬಾರದ ನನ್ನಂಥವಳು ಈಕ್ವೆಡಾರ್‌ನ ಗ್ಯಾಲಪಗೋಸ್ ದ್ವೀಪಗಳಲ್ಲಿ ಒಂದು ಸೆಮಿಸ್ಟರ್ ಜೀವವಿಕಾಸ ಮತ್ತು ಕಡಲ ಪರಿಸರ ವಿಜ್ಞಾನವನ್ನು ಕಲಿಯಲು ಸಾಧ್ಯವೇ ಎಂದು ಕಳೆದ ವರ್ಷ ಕೇಳಿದ್ದೆ. ಸ್ಪ್ಯಾನಿಷ್‌ಗಿಂತ ಮೊದಲು ಈಜು ಕಲಿಯಮ್ಮ ಎಂದು ಹಿರಿಯರೊಬ್ಬರು ಹೇಳಿದ್ದರು. ಅದರಂತೆ ದಾವಣಗೆರೆಯ ಚಿಕ್ಕಮ್ಮನ ಮನೆಯಲ್ಲಿದ್ದು ಮೂರು ತಿಂಗಳು ಕಲಿತೆ. ಆ ಹಿರಿಯರಿಗೆ ನಾನು ಋಣಿ.

ಈಗ ಸ್ಯಾನ್ ಕ್ರಿಸ್ಟೋಬಲ್‌ನಲ್ಲಿದ್ದೇನೆ. 1835ರ ಸೆಪ್ಟೆಂಬರ್‌ನಲ್ಲಿ ಡಾರ್ವಿನ್ ಈ ದ್ವೀಪಸಮೂಹದಲ್ಲಿ ಮೊದಲು ಇಳಿದದ್ದು ಇಲ್ಲಿಯೇ. ಇಲ್ಲಿನ ಅಣಕು ಹಕ್ಕಿಯ (ಮಾಕಿಂಗ್‌ಬರ್ಡ್) ಪ್ರಭೇದ ಬೇರೆ ಯಾವ ದ್ವೀಪದಲ್ಲೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿರುವುದು ಕಡಲ ಇಗುವಾನಾ. ಸಮುದ್ರದಲ್ಲಿ ಮುಳುಗಿ ಪಾಚಿ ಮೇಯುವ ಹಲ್ಲಿ ಜಗತ್ತಿನಲ್ಲಿ ಇದೊಂದೇ. ತಣ್ಣನೆಯ ನೀರಿನಿಂದ ಮೇಲೆ ಬಂದು ಕಪ್ಪು ಲಾವಾ ಬಂಡೆಗೆ ಹೊಟ್ಟೆಯೂರಿ ಬಿಸಿಲು ಕಾಯುತ್ತಾ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನಿಂದ ಫಕ್ಕನೆ ಸೀನಿ ಹೊರಹಾಕುತ್ತದೆ. ಆ ಉಪ್ಪು ತಲೆಯ ಮೇಲೆಯೇ ಬಿದ್ದು ಸುಣ್ಣ ಬಳಿದಂತೆ ಒಣಗುತ್ತದೆ. ಎರಡು ಮೀಟರ್ ದೂರದಲ್ಲಿಯೇ ನಿಲ್ಲಬೇಕೆಂಬುದು ಇಲ್ಲಿನ ರಾಷ್ಟ್ರೀಯ ಉದ್ಯಾನದ ನಿಯಮವಾದ್ದರಿಂದ, ಕುಳಿತಲ್ಲಿಂದಲೇ ಗಂಟೆಗಟ್ಟಲೆ ನೋಡಿ ಬರೆದುಕೊಳ್ಳುತ್ತೇನೆ. ಎಲ್ ನಿನೊ ಬಂದು ನೀರು ಬಿಸಿಯಾಗಿ ಪಾಚಿ ಕಡಿಮೆಯಾದಾಗ ಇವುಗಳ ದೇಹದ ಉದ್ದವೇ ಕುಗ್ಗುತ್ತದೆ, ಮೇವು ಮರಳಿದಾಗ ಮತ್ತೆ ಬೆಳೆಯುತ್ತದೆ ಎಂಬುದನ್ನು ತರಗತಿಯಲ್ಲಿ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮ ಕೋಟೆಯ ಬಂಡೆಗಳ ಮೇಲೆ ತಲೆಯಾಡಿಸುವ ಓತಿಕ್ಯಾತವನ್ನು ಚಿಕ್ಕಂದಿನಿಂದ ಕಂಡಿದ್ದರೂ ಹೀಗೆ ಕುಳಿತು ನೋಡಿರಲಿಲ್ಲ. ಮಾರ್ಚ್‌ನಲ್ಲಿ ಊರಿಗೆ ಬಂದ ಮೇಲೆ ಅವುಗಳನ್ನು ಇದೇ ಕ್ರಮದಲ್ಲಿ ಗಮನಿಸಿ ದಾಖಲಿಸಲು ಆರಂಭಿಸುತ್ತೇನೆ. ಜೊತೆಗೆ ಬರುವವರು ದಯವಿಟ್ಟು ತಿಳಿಸಿ.