ಪದಚರ್ಚೆ: ನ್ಯೂಡಿಬ್ರಾಂಕ್‌ಗೆ ಕನ್ನಡದಲ್ಲಿ?

ಕಡಲಜೀವಿಗಳ ಚಿತ್ರಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಕಾಣುವ, ಚಿಪ್ಪಿಲ್ಲದ, ಕಣ್ಣು ಕುಕ್ಕುವ ಬಣ್ಣದ ನ್ಯೂಡಿಬ್ರಾಂಕ್‌ಗೆ ಒಂದು ಪದ ಬೇಕು. ಮೂಲಪದದ ಅರ್ಥ ಹಿಡಿದು ‘ನಗ್ನಕಿವಿರು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ನಡೆದೀತೇ?

—

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಗಂಟುಹಾಕಿದ್ದು. ನಡೆಯದು. ಬತ್ತಲೆ ಇರುವಾಗ ನಗ್ನ ಏಕೆ? ‘ಬತ್ತಲೆಗಿವಿರು’ ಎನ್ನಿ. ಕಕಾರಕ್ಕೆ ಗಕಾರ ಬರಲೇಬೇಕು, ಬಿಡಬೇಡಿ.

—

ಸಂಧಿ ಸರಿ, ಪ್ರಾಣಿ ತಪ್ಪು. ಬೆನ್ನ ಹಿಂಬದಿಯಲ್ಲಿ, ಗುದದ ಸುತ್ತ, ಕಿವಿರಿನ ಗೊಂಚಲು ಅರಳಿಸುವುದು ಡೋರಿಡ್ ಗುಂಪು. ಇಯೋಲಿಡ್‌ಗಳಿಗೆ ಆ ಗೊಂಚಲೇ ಇಲ್ಲ. ಬೆನ್ನ ತುಂಬ ಬೆರಳಿನಂಥ ಸೆರಾಟಾಗಳಿವೆ, ಉಸಿರಾಟಕ್ಕೂ ಅವೇ. ಕುಟುಕುವ ಕಡಲಜೀವಿಗಳಾದ ಹೈಡ್ರಾಯ್ಡ್, ಅನಿಮೋನ್‌ಗಳನ್ನು ತಿಂದು, ಅವುಗಳ ಕುಟುಕುಕೋಶಗಳನ್ನು ಸಿಡಿಯದ ಹಾಗೆ ಆ ಬೆರಳ ತುದಿಗೆ ಸಾಗಿಸಿ ತಮ್ಮ ಆಯುಧ ಮಾಡಿಕೊಳ್ಳುತ್ತವೆ (ಕಳ್ಳಮಾಲು!). ಸುಮಾರು 3000 ಜಾತಿಗಳಿವೆ. ಎಲ್ಲವನ್ನೂ ಕಿವಿರಿಗೆ ಕಟ್ಟಿಹಾಕಬೇಡಿ.

—

‘ಕಡಲ ಬಸವನಹುಳು’ ಸಾಕಲ್ಲ? ತಲೆಯ ಮೇಲೆ ವಾಸನೆ ಹಿಡಿಯುವ ಎರಡು ಕೋಡು ಎದ್ದು ಕಾಣುತ್ತವೆ. ಮರಿಯಾಗಿದ್ದಾಗ ಚಿಪ್ಪೂ ಇರುತ್ತದೆ, ಆಮೇಲೆ ಕಳಚುತ್ತದೆ.

—

ಬಸವ ವೃಷಭದ ತದ್ಭವ.

—

ಆದರೇನಂತೆ? ಕೇಶಿರಾಜ ತದ್ಭವಗಳಿಗೇ ಒಂದು ಪ್ರಕರಣ ಮೀಸಲಿಟ್ಟ, ನಿಮಗೆ ಒಂದು ಸಾಲಿನಷ್ಟೂ ಸಹನೆಯಿಲ್ಲ. ಬೇಡವಾದರೆ ಬೇರೆ ಕಾರಣ ಕೊಡಿ: ಆ ಹೆಸರಿಗೆ ಚಿಪ್ಪಿರುವ ಕಡಲ ಹುಳುಗಳೂ ಬಂದು ಸೇರುತ್ತವೆ. ‘ಸಿಂಬಳದ ಹುಳು’ ಅಂತೂ ಇನ್ನೂ ಅಗಲ. ಪಾಚಿಯ ರಸ ಹೀರಿ, ಅದರ ಕ್ಲೋರೋಪ್ಲಾಸ್ಟ್ ಉಳಿಸಿಕೊಂಡು ಹಸಿರಾಗಿರುವ ಎಲಿಸಿಯಾ ಕೂಡ ಆ ಹೆಸರಿಗೆ ಹಕ್ಕುದಾರ, ಅದು ನ್ಯೂಡಿಬ್ರಾಂಕ್ ಅಲ್ಲ. ಮೇಲಾಗಿ ಅಷ್ಟು ಚಂದದ ಚಿತ್ರದ ಕೆಳಗೆ ಸಿಂಬಳ!

ನ್ಯೂಡಿಬ್ರಾಂಕ್ ಎಂದೇ ಬರೆಯಿರಿ. ಇಂಗ್ಲಿಷಿನವರೂ ಎರವಲು ತಂದವರೇ: ಪೂರ್ವಪದ ಲ್ಯಾಟಿನ್, ಉತ್ತರಪದದ ಬೇರು ಗ್ರೀಕ್. ಅರಿಸಮಾಸ ಅವರಿಗೆ ಅಡ್ಡಿಯಾಗಲಿಲ್ಲ. ‘ಬ್ರಾಂಚ್’ ಎಂದು ಮಾತ್ರ ಬರೆಯಬೇಡಿ.

—

ಇವತ್ತು ನ್ಯೂಡಿಬ್ರಾಂಕ್, ನಾಳೆ ಕಡಲಿಗೂ ಓಷನ್.

—

ಕಡಲು ಇಷ್ಟು ಎರವಲು ಕಂಡೂ ಬತ್ತಿಲ್ಲ, ಬಿಡಿ ಸ್ವಾಮಿ.

—

ಕೇಳಿದವನು ನಾನು. ಅಚ್ಚಿಗೆ ಕೊಟ್ಟೆ: ಮೇಲೆ ‘ನ್ಯೂಡಿಬ್ರಾಂಕ್’, ಕೆಳಗೆ ‘ಚಿಪ್ಪು ಕಳಚುವ ಬಣ್ಣದ ಕಡಲಹುಳು’. ಎಲ್ಲರಿಗೂ ವಂದನೆ. ಇನ್ನೊಂದು ಫಲಕ ಬಾಕಿಯಿದೆ. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಬೆಚ್ಚನೆಯ ನೀರಲ್ಲಿ ಕೆಂಪು ಅಂಚು ಬೀಸುತ್ತ ಈಜುವ ‘ಸ್ಪ್ಯಾನಿಷ್ ಡಾನ್ಸರ್’ ಎಂಬ ನ್ಯೂಡಿಬ್ರಾಂಕ್. 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಹೆಸರು ಹಾಗೇ ಬಿಡಲೇ?

—

‘ಕುಣಿತಗಾತಿ’. ಸ್ಪ್ಯಾನಿಷ್ ಬೇಡ.

—

ಗಾತಿ ಗಾರದ ಹೆಣ್ಣುರೂಪ. ಗಾರ ಸಂಸ್ಕೃತದ ಕಾರದಿಂದ ಬಂದದ್ದು. ಈಗ ಹೇಳಿ.